ಎಳೆಗಾಲಿಗೆ ಆರು ವಾರ ರಜೆ ಕೊಡುವವರು ಯಾರು?

ಪಳನಿಗೆ ಹೋಗಿಬಂದ ಕನ್ನಡಿಗರಿಗೆ ಅಡಿವಾರದ ಜಟಕಾಗಳು ಹೊಸತಲ್ಲ. ಬೆಟ್ಟದ ಬುಡದಲ್ಲಿ ಮಕ್ಕಳುಮರಿಯನ್ನೆಲ್ಲ ತುಂಬಿಕೊಂಡು ಡಾಂಬರು ರಸ್ತೆಯ ಮೇಲೆ ಟಕಟಕನೆ ಹೊರಡುವ ಗಾಡಿಗಳವು. ಅದೇ ದಿಂಡಿಗಲ್ ಜಿಲ್ಲೆಯ ಕೊಡೈಕೆನಾಲ್‌ನಲ್ಲಿ ಕೆರೆ ಸುತ್ತುವ ಸುಮಾರು ಐದು ಕಿಲೋಮೀಟರ್ ರಸ್ತೆಯಲ್ಲಿ ಪ್ರವಾಸಿಗರನ್ನು ಬೆನ್ನ ಮೇಲೆ ಕೂರಿಸಿಕೊಂಡ ಕುದುರೆಗಳು ಓಡಾಡುತ್ತವೆ. ಇವೆರಡರ ಜತೆಗೆ ತಮಿಳುನಾಡಿನ ದಕ್ಷಿಣ ಜಿಲ್ಲೆಗಳ ಊರಹಬ್ಬಗಳಲ್ಲಿ ರಸ್ತೆಯ ಮೇಲೇ ನಡೆಯುವ ಕುದುರೆಗಾಡಿ ಪಂದ್ಯಗಳೂ ಇವೆ. ಮೂರು ಕಡೆಗೂ ನೆಲ ಒಂದೇ, ಡಾಂಬರು ಇಲ್ಲವೇ ಕಾಂಕ್ರೀಟು.

ಇಂಥಲ್ಲಿ ದುಡಿಯುವ ಎಳೆಯ ಕುದುರೆಯ ಮುಂಗಾಲು ನೋಡಬೇಕು. ಮಂಡಿಯಿಂದ ನಾಲ್ಕು ಬೆರಳು ಕೆಳಗೆ, ಹೆಚ್ಚಾಗಿ ಒಳಮಗ್ಗುಲಲ್ಲಿ, ಒಂದು ಗಂಟು ಎದ್ದಿದ್ದರೆ ಅದು ಸ್ಪ್ಲಿಂಟ್. ಕುದುರೆಯ ಮೊಣಕಾಲ ಕೆಳಗೆ ಭಾರ ಹೊರುವ ದೊಡ್ಡ ನಳಿಕೆ ಎಲುಬು ಒಂದು, ಅದರ ಎರಡೂ ಪಕ್ಕಕ್ಕೆ ಅಂಟಿಕೊಂಡ ಕಡ್ಡಿಯಂಥ ಸಣ್ಣ ಎಲುಬುಗಳು ಎರಡು. ಎಳೆತನದಲ್ಲಿ ಇವುಗಳ ನಡುವೆ ಇರುವುದು ಬರೀ ನಾರಿನ ಬೆಸುಗೆ. ವಯಸ್ಸಾದಂತೆ ಅದು ಎಲುಬಾಗಿ ಗಟ್ಟಿಯಾಗುತ್ತದೆ. ಅಷ್ಟರೊಳಗೆ ಗಟ್ಟಿ ನೆಲದ ಮೇಲೆ ಓಡಿಸಿದರೆ, ಭಾರ ಹೇರಿದರೆ ಆ ನಾರು ಹರಿಯುತ್ತದೆ, ಎಲುಬಿನ ಹೊದಿಕೆ ಉರಿಯೂತಕ್ಕೆ ಒಳಗಾಗುತ್ತದೆ. ದೇಹ ತನ್ನ ಪಾಡಿಗೆ ಹೊಸ ಎಲುಬು ಕಟ್ಟಿ ತೇಪೆ ಹಾಕುತ್ತದೆ. ಕುದುರೆಯ ಮೈಭಾರದಲ್ಲಿ ಶೇ. 60ರಷ್ಟು ಮುಂಗಾಲುಗಳ ಮೇಲೇ ಬೀಳುವುದರಿಂದ ಈ ಕಾಟವೂ ಹೆಚ್ಚಾಗಿ ಮುಂಗಾಲಿಗೇ. ಎರಡರಿಂದ ಐದು ವರ್ಷದ ಕುದುರೆಗಳಲ್ಲಿ ಇದು ಸಾಮಾನ್ಯ.

ಗುರುತಿಸಲು ಯಂತ್ರ ಬೇಕಿಲ್ಲ. ಕಾಲನ್ನು ಎತ್ತಿ ಹಿಡಿದು, ಮಂಡಿಯಿಂದ ಕೆಳಕ್ಕೆ ಪಕ್ಕದೆಲುಬಿನ ಗುಂಟ ಹೆಬ್ಬೆರಳು ಒತ್ತುತ್ತಾ ಬಂದರೆ ಸಾಕು. ಒಂದು ಜಾಗದಲ್ಲಿ ಬಿಸಿ ತಾಕುತ್ತದೆ, ಒತ್ತಿದ ಕೂಡಲೇ ಕುದುರೆ ಕಾಲು ಕಿತ್ತುಕೊಳ್ಳುತ್ತದೆ. ನಡಿಗೆಯಲ್ಲಿ ಕಾಣದ ಕುಂಟು ದುಡುಕಿ ಓಡಿಸಿದಾಗ, ಅದೂ ಗಟ್ಟಿ ರಸ್ತೆಯಲ್ಲಿ, ಬಯಲಾಗುತ್ತದೆ. ಗಂಟು ತಣ್ಣಗಿದ್ದು, ಒತ್ತಿದರೂ ಕುದುರೆ ಸುಮ್ಮನಿದ್ದರೆ ಅದು ಹಳೆಯದು. ನೋಟಕ್ಕೆ ಕುಂದೇ ಹೊರತು ಕೆಲಸಕ್ಕಲ್ಲ. ಕುಂಟು ಬಿಡದಿದ್ದರೆ ಮಾತ್ರ ಎಕ್ಸ್‌ರೇ ಬೇಕು. ಕಡ್ಡಿಯೆಲುಬು ಮುರಿದಿರಬಹುದು, ಇಲ್ಲವೇ ಬೆಳೆದ ಗಂಟು ಹಿಂದಿನ ಕಟ್ಟುನಾರನ್ನು ಉಜ್ಜುತ್ತಿರಬಹುದು. ಆಗ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ.

ಉಳಿದಂತೆ ಮದ್ದು ಅಗ್ಗದ್ದು. ಮೊದಲ ದಿನಗಳಲ್ಲಿ ದಿನಕ್ಕೆ ಎರಡು ಮೂರು ಸಲ ಕಾಲಿಗೆ ತಣ್ಣೀರು ಬಿಡುವುದು ಅಥವಾ ಐಸ್ ಇಡುವುದು, ಹದವಾಗಿ ಬ್ಯಾಂಡೇಜ್ ಕಟ್ಟುವುದು, ವೈದ್ಯರು ಹೇಳಿದಷ್ಟೇ ಊತದ ಮಾತ್ರೆ ಕೊಡುವುದು. ಆಮೇಲೆ ನಾಲ್ಕರಿಂದ ಆರು ವಾರ ವಿಶ್ರಾಂತಿ. ನೋವಿನ ಮಾತ್ರೆ ತಿನ್ನಿಸಿ ಮರುದಿನವೇ ಗಾಡಿಗೆ ಹೂಡಿದರೆ ಮಾತ್ರ ಕೆಲಸ ಕೆಟ್ಟಿತು: ಕುಂಟು ಮಾಯವಾದಂತೆ ಕಾಣುತ್ತದೆ, ಗಂಟು ದೊಡ್ಡದಾಗುತ್ತದೆ. ಕಾದ ಕಬ್ಬಿಣದಿಂದ ಬರೆ ಹಾಕುವ ಹಳೆಯ ಪದ್ಧತಿಯಿಂದ ಬಂದ ಗುಣವೇನಾದರೂ ಇದ್ದರೆ ಅದು ಬರೆಯದ್ದಲ್ಲ. ಗಾಯ ಮಾಯುವವರೆಗೆ ಕುದುರೆಯನ್ನು ಕಟ್ಟಿ ನಿಲ್ಲಿಸುತ್ತಿದ್ದರಲ್ಲ, ಆ ವಿಶ್ರಾಂತಿಯದು.

ಮೇವಿನ ಕಡೆಗೂ ಕಣ್ಣಿರಬೇಕು. ಗೋಧಿ ಬೂಸಾದಲ್ಲಿ ರಂಜಕ ವಿಪರೀತ, ಸುಣ್ಣದಂಶ ಅತ್ಯಲ್ಪ. ಅದನ್ನೇ ಹೊಟ್ಟೆ ತುಂಬ ಹಾಕಿದರೆ ಬೆಳೆಯುವ ಕುದುರೆಯ ಎಲುಬು ಗಟ್ಟಿಯಾಗುವುದಾದರೂ ಹೇಗೆ?

ಇಷ್ಟೆಲ್ಲ ಗೊತ್ತಿದ್ದೂ ಎಳೆಗುದುರೆ ಗಾಡಿಯಲ್ಲೇ ಇರುತ್ತದೆ. ಗಾಡಿಯವನನ್ನು ಕಟುಕ ಎಂದುಬಿಡುವುದು ಸುಲಭ. ಆದರೆ ಒಂದೇ ಕುದುರೆ ಇಟ್ಟುಕೊಂಡು ಅಂದಿನ ದುಡಿಮೆಯಲ್ಲಿ ಅಂದಿನ ಒಲೆ ಉರಿಸುವವನಿಗೆ ಆರು ವಾರ ಅಂದರೆ ನಲವತ್ತೆರಡು ದಿನ ಕೂಲಿಯಿಲ್ಲ; ಮೇವಿನ ಖರ್ಚು ಮಾತ್ರ ತಪ್ಪದು. ಬೆಂಗಳೂರಿನ ರೇಸ್‌ಕೋರ್ಸ್‌ನಲ್ಲಿ ಎರಡು ವರ್ಷದ ಕುದುರೆಯೂ ಓಡುತ್ತದೆ, ನಿಜ. ಅದು ಸರಿಯೇ ಎಂಬುದು ಬೇರೆಯೇ ಜಗಳ. ಆದರೆ ಅಲ್ಲಿ ಕಾಲ ಕೆಳಗೆ ಹುಲ್ಲಿನ ಟ್ರ್ಯಾಕ್ ಇದೆ, ಪಕ್ಕದಲ್ಲೇ ಪಶುವೈದ್ಯರಿದ್ದಾರೆ, ಕುದುರೆ ನಿಂತು ತಿಂದರೂ ಕೊಡುವ ಮಾಲೀಕನಿದ್ದಾನೆ. ಜಟಕಾ ಕುದುರೆಗೆ ಈ ಮೂರೂ ಇಲ್ಲ.

ಕಾನೂನು ಇಲ್ಲವೆಂದಲ್ಲ. 1965ರ ಕೇಂದ್ರ ನಿಯಮಗಳ ಪ್ರಕಾರ ಭಾರ ಎಳೆಯುವ ಪ್ರಾಣಿಯನ್ನು ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ಐದು ಗಂಟೆಗಿಂತ ಹೆಚ್ಚು ಒಂದೇ ಸಮನೆ ದುಡಿಸುವಂತಿಲ್ಲ. ಉಷ್ಣಾಂಶ 37 ಡಿಗ್ರಿ ದಾಟಿದ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡುವಂತಿಲ್ಲ. ವಯಸ್ಸಿನ ಕಾರಣದಿಂದ ಕೆಲಸಕ್ಕೆ ತಕ್ಕದ್ದಲ್ಲದ ಪ್ರಾಣಿಯನ್ನು ದುಡಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಡಿ ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ಹೆಚ್ಚೆಂದರೆ ಐವತ್ತು ರೂಪಾಯಿ ದಂಡ!

ಎತ್ತಿನ ವಿಷಯದಲ್ಲಿ ಈ ಸೀಮೆಯ ಜನರ ಲೆಕ್ಕಾಚಾರ ಎಷ್ಟು ಸೂಕ್ಷ್ಮ ನೋಡಿ. ತೇನಿ ಕಡೆಯ ಗಾಡಿ ಪಂದ್ಯಗಳಲ್ಲಿ ಎತ್ತುಗಳನ್ನು ತಟ್ಟಾನ್‌ಚಿಟ್ಟು, ಪೂಂಚಿಟ್ಟು, ತೇನ್‌ಚಿಟ್ಟು, ಕರಿಚ್ಚಾನ್, ನಡುಮಾಡು, ಪೆರಿಯಮಾಡು ಎಂದು ವಿಂಗಡಿಸುತ್ತಾರೆ. ಎಳೆಯದು ಬಲಿತದ್ದರ ಜತೆ ಸ್ಪರ್ಧಿಸುವಂತಿಲ್ಲ. ಕಂಬಂ ಪಟ್ಟಣದಲ್ಲಿ ಮನೆಯೊಳಗೆ ಇವತ್ತಿಗೂ ಕನ್ನಡ ಆಡುವ ಕಾಪಿಲಿಯ ಒಕ್ಕಲಿಗರು ನಂದಗೋಪಾಲಸ್ವಾಮಿಯ ಸನ್ನಿಧಿಯಲ್ಲಿ ‘ತಂಬಿರಾನ್ ಮಾಡು’ ಎಂಬ ದೇವರ ದನಗಳ ಹಿಂಡನ್ನೇ ಸಾಕಿಕೊಂಡು ಬಂದಿದ್ದಾರೆ. ಜಲ್ಲಿಕಟ್ಟು, ಕಂಬಳಗಳಿಗೆ ಅವಕಾಶ ಕೊಟ್ಟ ಕಾನೂನು ತಿದ್ದುಪಡಿಗಳನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2023ರ ಮೇ 18ರಂದು ಎತ್ತಿಹಿಡಿದಾಗಲೂ ನಡೆದದ್ದು ಗೂಳಿ, ಕೋಣಗಳ ಚರ್ಚೆ. ಕುದುರೆಯ ಪರವಾಗಿ ದನಿ ಎತ್ತಲು ಅಂಥ ದೊಡ್ಡ ಸಮುದಾಯವಿಲ್ಲ.

ಹಾಗಾಗಿ ಪಳನಿ, ಕೊಡೈಕೆನಾಲ್ ನಗರಸಭೆಗಳೂ ಪಂದ್ಯ ನಡೆಸುವವರೂ ಮೊದಲು ಮಾಡಬೇಕಾದದ್ದು ಬಾಯಿ ಬಿಡಿಸಿ ಹಲ್ಲು ನೋಡುವುದು. ಕುದುರೆಯ ಮುಂದಿನ ನಡುಹಲ್ಲು ಎರಡೂವರೆ ವರ್ಷಕ್ಕೆ ಬದಲಾಗುತ್ತದೆ, ಅದರ ಪಕ್ಕದ್ದು ಮೂರೂವರೆಗೆ, ಮೂಲೆಯದು ನಾಲ್ಕೂವರೆಗೆ. ಪಕ್ಕದ ಹಾಲುಹಲ್ಲು ಬೀಳದ ಕುದುರೆಗೆ ಗಾಡಿಯ ಪರವಾನಗಿಯೂ ಬೇಡ, ಸವಾರಿಯೂ ಬೇಡ, ಪಂದ್ಯದ ನಂಬರೂ ಬೇಡ. ಇನ್ನು, ಸ್ಪ್ಲಿಂಟ್ ಎಂದು ಪಶುವೈದ್ಯರು ಬರೆದುಕೊಟ್ಟ ಕುದುರೆಯ ಯಜಮಾನನಿಗೆ ಆರು ವಾರದ ಮೇವಿನ ಹಣವನ್ನು ಪ್ರವಾಸಿಗರಿಂದ, ಭಕ್ತರಿಂದ ವಸೂಲಾಗುವ ಶುಲ್ಕದಲ್ಲೇ ತೆಗೆದಿಡಬಹುದು. ತಪಾಸಣೆಗೆ ಜನ ಬೇಕೆಂದರೆ ತೇನಿಯಲ್ಲೂ, ಪಳನಿಗೆ ಹತ್ತಿರದ ಉಡುಮಲೈಪೇಟೆಯಲ್ಲೂ 2020ರಲ್ಲಿ ಶುರುವಾದ ಸರ್ಕಾರಿ ಪಶುವೈದ್ಯ ಕಾಲೇಜುಗಳಿವೆ. ಅಲ್ಲಿನ ವಿದ್ಯಾರ್ಥಿಗಳನ್ನು ತೈಪೂಸಂ ಜಾತ್ರೆಗೆ ಮೊದಲು ಒಂದು ವಾರ ಅಡಿವಾರದ ಗಾಡಿ ನಿಲ್ದಾಣಕ್ಕೆ ಕಳಿಸಿದರೆ ಕೆಲಸ ಆರಂಭಿಸಬಹುದು.