ನಡವಳಿ ಪುಸ್ತಕದಲ್ಲಿ ಇಲ್ಲದ ಮಾತು



ಕಳೆದ ವರ್ಷ ಸಂಘದ ಹಳೆಯ ಕಡತಗಳನ್ನು ಅಟ್ಟದಿಂದ ಇಳಿಸಿ ಧೂಳು ಕೊಡವುತ್ತಿದ್ದಾಗ, ಗೆದ್ದಲು ಅಂಚು ತಿಂದಿದ್ದ ಒಂದು ನಡವಳಿ ಪುಸ್ತಕದಲ್ಲಿ ಎರಡು ಸಾಲಿನ ಠರಾವು ಕಣ್ಣಿಗೆ ಬಿತ್ತು. ಕೊಳೆಯಿಂದ ಫಸಲು ಕಳೆದುಕೊಂಡ ಸದಸ್ಯರ ಸಾಲದ ವಸೂಲಿಯನ್ನು ಮುಂದಿನ ಕೊಯ್ಲಿನವರೆಗೆ ಮುಂದೂಡಲಾಗಿದೆ ಎಂದಷ್ಟೇ ಅದರಲ್ಲಿತ್ತು. ಆ ಸಭೆಯಲ್ಲಿ ಕುಳಿತಿದ್ದವರಲ್ಲಿ ಒಬ್ಬ ಹಿರಿಯರು ಮಾತ್ರ ನಮ್ಮೊಡನೆ ಉಳಿದಿದ್ದರು. ಅವರ ಮನೆಗೆ ಹೋಗಿ ಕೇಳಿದೆ.

"ಎರಡು ಸಾಲು ಅಂತ ತಿಳ್ಕೊಂಡೆಯಾ? ಆವತ್ತು ರಾತ್ರಿ ಲಾಟೀನಿಗೆ ಎರಡು ಸಲ ಎಣ್ಣೆ ಹಾಕಿದ್ದೇವೆ ಮಾರಾಯ" ಎಂದು ಅವರು ಆರಂಭಿಸಿದರು. ಅರ್ಧದಷ್ಟು ಜನ ಜಪ್ತಿಯೇ ಆಗಲೆಂದು ಹಟ ಹಿಡಿದಿದ್ದರಂತೆ. ಸಂಘ ಅಂದೇ ಒಡೆಯುವುದರಲ್ಲಿತ್ತು. ಆಗ ಒಬ್ಬರು ಎದ್ದು ನಿಂತು, ಎಲ್ಲರ ಬಾಕಿಗೂ ತನ್ನ ತೋಟವೇ ಜಾಮೀನು ಎಂದರಂತೆ. ಯಾರೆಂದು ಕೇಳಿದೆ. ಅವರಿಗೆ ಕೆಮ್ಮು ಬಂತು. "ಕೊಯ್ಲು ಮುಗಿಸಿ ಬಾ, ನಿಧಾನವಾಗಿ ಹೇಳ್ತೇನೆ" ಎಂದರು. ಕೊಯ್ಲು ಮುಗಿಯುವಷ್ಟರಲ್ಲಿ ಅವರೇ ಇರಲಿಲ್ಲ. ನಮ್ಮ ಸಂಘ ಯಾರ ಮಾತಿನಿಂದ ಉಳಿಯಿತೋ ಅವರ ಹೆಸರು ಕಾರ್ಯದರ್ಶಿಯಾದ ನನಗೇ ತಿಳಿಯದು. ಈ ನಾಚಿಕೆಯೇ ಈ ಲೇಖನಕ್ಕೆ ಕಾರಣ.

ಹಿಂದೆ ಇಂತಹ ಮಾತುಗಳಿಗೆ ಒಂದು ಜಾಗವಿತ್ತು. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಚಪ್ಪರದ ಕೆಳಗೆ ಮೆಟ್ಟುಗತ್ತಿಗಳ ಮುಂದೆ ಹತ್ತಾರು ಜನ ಕೂರುತ್ತಿದ್ದರು. ಕೈ ಅದರಷ್ಟಕ್ಕೆ ಓಡುತ್ತಿತ್ತು, ಬಾಯಿ ಕಥೆ ಹೇಳುತ್ತಿತ್ತು. ಯಾವ ವರ್ಷ ಧರೆ ಜರಿಯಿತು, ಯಾವ ಹಳ್ಳದ ನೀರು ಯಾರ ತೋಟಕ್ಕೆ ಎಷ್ಟು ದಿನ ಎಂಬುದನ್ನೆಲ್ಲ ನಾವು ಕಲಿತದ್ದು ಅಲ್ಲಿಯೇ. ಈಗ ಸುಲಿಯುವ ಯಂತ್ರಗಳು ಬಂದಿವೆ. ಅದಕ್ಕೆ ನನ್ನ ಆಕ್ಷೇಪವಿಲ್ಲ, ಬೆರಳು ಕೊಯ್ದುಕೊಳ್ಳುವುದು ತಪ್ಪಿತು. ಆದರೆ ಯಂತ್ರದ ಸದ್ದಿನಲ್ಲಿ ಕಥೆ ಕೇಳಿಸದು. ತಾನಾಗಿ ನಡೆಯುತ್ತಿದ್ದ ಕೆಲಸವನ್ನು ಇನ್ನು ನಾವು ಬೇಕೆಂದೇ ಮಾಡಬೇಕಾಗಿದೆ.

ಇದಕ್ಕೆ ಮಾದರಿ ಕಾಫಿ ಸೀಮೆಯಲ್ಲಿಯೇ ಇದೆ. ಕೊಡಗಿನ ನಡಿಕೇರಿಯಂಡ ಚಿಣ್ಣಪ್ಪನವರು ಪೊಲೀಸ್ ಇಲಾಖೆಯಲ್ಲಿದ್ದವರು. ಹಿರಿಯರ ಬಾಯಲ್ಲಿದ್ದ ಹಾಡುಗಳನ್ನೂ ಕಟ್ಟುಪಾಡುಗಳನ್ನೂ ಸಂಗ್ರಹಿಸಿ, ಕೊಡವ ಭಾಷೆಯ ಆ ಹಾಡುಗಳನ್ನು ಕನ್ನಡ ಲಿಪಿಯಲ್ಲಿ ಬರೆದು, 1924ರಲ್ಲಿ 'ಪಟ್ಟೋಲೆ ಪಳಮೆ' ಎಂಬ ಗ್ರಂಥವನ್ನಾಗಿ ಹೊರತಂದರು. ಅವರ ಮೊಮ್ಮಕ್ಕಳು ಮಾಡಿದ ಇಂಗ್ಲಿಷ್ ಅನುವಾದ 2003ರಲ್ಲಿ ಪ್ರಕಟವಾಯಿತು. ಅಂದು ಅವರು ಬರೆದುಕೊಂಡದ್ದರಿಂದಲೇ ಇಂದಿನವರಿಗೆ ಓದಲು ಸಿಕ್ಕಿತು.

ಸಂಘದ ಕೆಲಸ ಗೊಬ್ಬರ, ಸಾಲ, ಧಾರಣೆಗಳೇ ಹೊರತು ಕಥೆಯಲ್ಲ ಎಂದು ಕೆಲವರು ಹೇಳಬಹುದು. ಆದರೆ ಈ ಕಥೆಗಳು ಇರುವುದೇ ಗೊಬ್ಬರ, ಸಾಲ, ಧಾರಣೆಗಳ ಬಗ್ಗೆ. 1970-71ರ ಸುಮಾರಿಗೆ ಅಡಿಕೆ ಧಾರಣೆ ಕುಸಿಯಿತು, 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು ಎಂಬುದು ಪುಸ್ತಕದಲ್ಲಿದೆ. ಆ ವರ್ಷ ನಿಮ್ಮ ಮನೆಯಲ್ಲಿ ಏನನ್ನು ಮಾರಿದರು, ಯಾರ ಓದು ನಿಂತಿತು ಎಂಬುದು ಪುಸ್ತಕದಲ್ಲಿಲ್ಲ. 1942ರ ಕಾಫಿ ಕಾಯಿದೆಯಂತೆ ಬೆಳೆಗಾರರು ಕಾಫಿಯನ್ನು ಮಂಡಳಿಯ ಪೂಲ್‌ಗೆ ಒಪ್ಪಿಸಿ, ಕಂತಿನಲ್ಲಿ ಬರುವ ಹಣಕ್ಕೆ ಕಾಯುತ್ತಿದ್ದರು. 1990ರ ದಶಕದಲ್ಲಿ ಹಂತ ಹಂತವಾಗಿ ಆ ವ್ಯವಸ್ಥೆ ಹೋಗಿ 1996ರ ಹೊತ್ತಿಗೆ ಮಾರಾಟ ಪೂರ್ತಿ ಮುಕ್ತವಾಯಿತು. ಕೆಲವೇ ವರ್ಷಗಳಲ್ಲಿ, 2001-02ರ ಸುಮಾರಿಗೆ, ಲೋಕದ ಪೇಟೆಯೆಲ್ಲ ಕುಸಿಯಿತು. ಎರಡೂ ಕಾಲವನ್ನು ಕಂಡವರು ಆಗ ಎಲ್ಲಿ ಎಡವಿದರು, ಹೇಗೆ ಎದ್ದರು ಎಂಬುದು ಇಂದು ತೋಟ ವಹಿಸಿಕೊಂಡ ಮಕ್ಕಳಿಗೆ ಬೇಡವೇ? ಮೈಲುತುತ್ತಕ್ಕೆ ಸುಣ್ಣ ಎಷ್ಟು ಎಂದು ಪುಸ್ತಕ ಹೇಳುತ್ತದೆ. ಕೊಳೆ ಮೊದಲು ಯಾವ ಬಯಲಿಗೆ ಇಳಿಯುತ್ತದೆ ಎಂಬುದನ್ನು ಅಲ್ಲಿ ಮರ ಹತ್ತಿದ ಕೊನೆಗಾರನೇ ಹೇಳಬೇಕು.

ಇಲ್ಲಿ ಒಂದು ಕಹಿ ಮಾತನ್ನೂ ಹೇಳಬೇಕು. ಕಥೆ ಸಂಗ್ರಹವೆಂದರೆ ಮಾಜಿ ಅಧ್ಯಕ್ಷರ ಭಾಷಣಗಳನ್ನು ಒಟ್ಟುಮಾಡುವುದಲ್ಲ. ತೋಟವನ್ನು ನಾವು ಮಾಡಿದೆವು ಎನ್ನುತ್ತೇವೆ, ಗುಂಡಿ ತೆಗೆದವರು ಬೇರೆ. ಘಟ್ಟದ ಕೆಳಗಿನಿಂದ ಮೇಸ್ತ್ರಿಯ ಮುಂಗಡ ಪಡೆದು ಬಂದು ಲೈನ್ ಮನೆಯಲ್ಲಿ ಬಾಳಿದವರಿಗೂ, ಕಾಫಿ ಕಣದಲ್ಲಿ ಮಗುವನ್ನು ಮಲಗಿಸಿ ಹಣ್ಣು ಕೊಯ್ದ ಹೆಂಗಸರಿಗೂ ಹೇಳುವುದಿದೆ. 1974ರ ಭೂಸುಧಾರಣೆಯ ಕಥೆಯನ್ನು ಭೂಮಿ ಬಿಟ್ಟ ಮನೆ ಒಂದು ರೀತಿ ಹೇಳುತ್ತದೆ, ಭೂಮಿ ಪಡೆದ ಮನೆ ಇನ್ನೊಂದು ರೀತಿ. ಎರಡೂ ಮನೆಯವರು ಇಂದು ನಮ್ಮ ಸದಸ್ಯರೇ. ಎರಡನ್ನೂ ಬರೆದಿಡೋಣ, ತೀರ್ಪು ಕೊಡುವುದು ಬೇಡ. ಹಳೆಯ ಗಾಯ ಕೆದಕಿದಂತಾಗುತ್ತದೆ ಎಂಬ ಅಂಜಿಕೆ ನನಗೂ ಇದೆ. ಆದರೆ ಒಂದೇ ಕಡೆಯ ಕಥೆ ಮಾತ್ರ ಉಳಿದರೆ ಗಾಯ ಇನ್ನೂ ಆಳವಾಗುತ್ತದೆ.

ಇದಕ್ಕೆ ದೊಡ್ಡ ಖರ್ಚಿಲ್ಲ. ಧ್ವನಿ ಹಿಡಿಯುವ ಸಾಧನ ಈಗ ಹೆಚ್ಚಿನವರ ಜೇಬಿನ ಮೊಬೈಲಿನಲ್ಲೇ ಇದೆ. ಕೆಲವು ಸಂಗತಿಗಳನ್ನು ಮಾತ್ರ ನೆನಪಿಡಬೇಕು. ಹೇಳುವವರ ಒಪ್ಪಿಗೆ ಮೊದಲು. ಹೆಸರು ಬೇಡವೆಂದರೆ ಬಿಡಬೇಕು. "ಆ ಕಾಲ ಹೇಗಿತ್ತು" ಎಂದರೆ "ಚೆನ್ನಾಗಿತ್ತು" ಎಂದು ಮುಗಿಸುತ್ತಾರೆ. ಊರಿಗೆ ಮೊದಲ ಪಂಪು ಯಾರ ಮನೆಗೆ ಬಂತು, ಔಷಧಿ ಹೊಡೆಯುವ ಮೊದಲು ಕೊನೆಗೆ ಕೊಟ್ಟೆ ಕಟ್ಟುತ್ತಿದ್ದುದು ಹೇಗೆ ಎಂದು ಕೇಳಿದರೆ ಮಾತು ತಾನಾಗಿ ಹರಿಯುತ್ತದೆ. ಹವ್ಯಕರ ಮಾತಾಗಲಿ, ತುಳುವಾಗಲಿ, ಹೇಳಿದ ಹಾಗೆಯೇ ಇಡಬೇಕು. ಪುಸ್ತಕದ ಕನ್ನಡಕ್ಕೆ ತಿದ್ದಬಾರದು. ದಿನಾಂಕ, ಊರು ಬರೆದು, ಹೇಳಿದವರಿಗೆ ಒಮ್ಮೆ ಓದಿ ತೋರಿಸಿ, ಒಂದು ಪ್ರತಿ ಅವರ ಮನೆಯಲ್ಲಿ, ಒಂದು ಪ್ರತಿ ಸಂಘದಲ್ಲಿ ಇರಲಿ.

ಕೂಡಿಟ್ಟರಷ್ಟೇ ಸಾಲದು, ಹಂಚಬೇಕು. ಆದ್ದರಿಂದ ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಲೆಕ್ಕಪತ್ರ ಮುಗಿದ ಮೇಲೆ ಒಂದು ತಾಸನ್ನು ಹಿರಿಯರ ಮಾತಿಗೆ ಮೀಸಲಿಡಬೇಕೆಂದೂ, ಈ ಪತ್ರಿಕೆಯ ಪ್ರತಿ ಸಂಚಿಕೆಯಲ್ಲಿ ಒಂದು ಪುಟವನ್ನು ಅದಕ್ಕೇ ಬಿಡಬೇಕೆಂದೂ ಆಡಳಿತ ಮಂಡಳಿಯ ಮುಂದೆ ಸೂಚನೆ ಇಡಲಿದ್ದೇನೆ. ಸದಸ್ಯರು ಬೆಂಬಲಿಸಬೇಕಾಗಿ ವಿನಂತಿ.

ಅಲ್ಲಿಯವರೆಗೂ ಕಾಯಬೇಕಾಗಿಲ್ಲ. ನಿಮ್ಮ ಮನೆಯ ಅಜ್ಜಿಯೋ, ಲೈನಿನ ಹಳೆಯ ಆಳೋ ಇಂದು ಮಾತಾಡುವ ಮನಸ್ಸಿನಲ್ಲಿದ್ದರೆ ಇಂದೇ ಕುಳಿತುಕೊಳ್ಳಿ. ಕೊಯ್ಲು ಮುಗಿಯಲಿ ಎಂದು ನಾನು ಕಾದೆ. ನೀವು ಕಾಯಬೇಡಿ. ಆ ರಾತ್ರಿ ಸಭೆಯಲ್ಲಿ ಎದ್ದು ನಿಂತವರ ಹೆಸರು ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಉಳಿದಿದ್ದರೆ, ದಯವಿಟ್ಟು ಸಂಘದ ಕಚೇರಿಗೆ ಬಂದು ಹೇಳಿ. ನಡವಳಿ ಪುಸ್ತಕದ ಆ ಎರಡು ಸಾಲಿನ ಕೆಳಗೆ ಜಾಗ ಇನ್ನೂ ಖಾಲಿ ಇದೆ.

— ಕಾರ್ಯದರ್ಶಿ