ಶ್ವಾಸಕೋಶದ ಒತ್ತಡವೂ ಇಲಿಗಳ ಸಾಕ್ಷ್ಯವೂ

ಬೆಂಗಳೂರಿನ ವಿಮಾನಪುರದಲ್ಲಿ ವಾಯುಸೇನೆಯ ವೈಮಾನಿಕ ವೈದ್ಯ ಸಂಸ್ಥೆಯಿರುವುದಷ್ಟೆ. 1957ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯ ಕೋಣೆಯೊಂದರಲ್ಲಿ ಗಾಳಿಯ ಒತ್ತಡವನ್ನು ತಗ್ಗಿಸಿ, ನೆಲದ ಮೇಲೆ ಕುಳಿತಿರುವ ವೈಮಾನಿಕನಿಗೇ ಆಕಾಶದ ಎತ್ತರದ ಅನುಭವವನ್ನುಂಟುಮಾಡುವರು. ಆಮ್ಲಜನಕವು ಸಾಲದಾದಾಗ ಶ್ವಾಸಕೋಶದ ಧಮನಿಗಳು ಸಂಕೋಚಗೊಳ್ಳುವುವು. ಸ್ವಲ್ಪ ಕಾಲದ್ದಾದರೆ ಬಾಧೆಯಿಲ್ಲ. ಆದರೆ ಕೆಲವರಿಗೆ, ನೆಲದ ಮೇಲಿದ್ದಾಗಲೂ, ಈ ಧಮನಿಗಳ ಗೋಡೆ ದಪ್ಪನಾಗಿ, ಒಳದಾರಿ ಕಿರಿದಾಗಿ, ಹೃದಯದ ಬಲಭಾಗವು ರಕ್ತವನ್ನು ನೂಕಿ ನೂಕಿ ಸೋತುಹೋಗುವುದು. ತೋಳಿಗೆ ಪಟ್ಟಿ ಕಟ್ಟಿ ನೋಡುವ ಪರೀಕ್ಷೆಯಿಂದ ಈ ಒತ್ತಡವು ತಿಳಿಯದು. ಮೆಟ್ಟಿಲೇರುವಾಗ ಏದುಸಿರು ಬರುವುದೇ ಮೊದಲ ಕುರುಹು. ಮನೆಯವರು ಅದನ್ನು ಬರಿಯ ನಿಶ್ಶಕ್ತಿಯೆಂದು ಕಡೆಗಣಿಸುವುದುಂಟು. ರೋಗಿಗಳಲ್ಲಿ ಸ್ತ್ರೀಯರೇ ಹೆಚ್ಚು.

ಈ ರೋಗಕ್ಕೂ ಸಿರೊಟೋನಿನ್ ಎಂಬ ವಸ್ತುವಿಗೂ ನಂಟುಂಟೆಂಬ ಸಂಶಯವನ್ನು ಬಲಪಡಿಸಿದುವು ಮೈಯಿಳಿಸುವ ಗುಳಿಗೆಗಳು. 1960ರ ದಶಕದ ಕೊನೆಯಲ್ಲಿ ಸ್ವಿಟ್ಜರ್ಲೆಂಡ್, ಆಸ್ಟ್ರಿಯ, ಜರ್ಮನಿಗಳಲ್ಲಿ ಅಮಿನೊರೆಕ್ಸ್ ಸೇವಿಸಿದವರಲ್ಲಿ ಈ ರೋಗವು ಹಠಾತ್ತಾಗಿ ಹೆಚ್ಚಿತು. ಅನಂತರದ ಫೆನ್‌ಫ್ಲುರಮಿನ್ ಸಹ ಇದೇ ದೂರಿಗೆ ಗುರಿಯಾಯಿತು. ಹೃದಯದ ಕವಾಟಗಳಿಗೂ ಅದರಿಂದ ಕೇಡೆಂದು ಕಂಡು 1997ರಲ್ಲಿ ಅಮೆರಿಕದ ಪೇಟೆಯಿಂದ ಹಿಂದೆಗೆದರು. ತೆಳ್ಳಗಾಗುವ ಆಸೆಗೆ ಎಂಥ ಬೆಲೆ!

ಸಿರೊಟೋನಿನ್ ಬಹುಪಾಲು ಕರುಳಿನಲ್ಲಿ ಹುಟ್ಟಿ ರಕ್ತದಲ್ಲಿ ಸಂಚರಿಸುವುದು. ಧಮನಿಯ ಸ್ನಾಯುವಿನ ಜೀವಕೋಶಕ್ಕೆ ಅದನ್ನು ಒಯ್ಯುವ ಪ್ರೋಟೀನೊಂದಿದೆ, ದ್ವಾರಪಾಲಕನೆನ್ನೋಣ. ಹೀಗೆ ಒಳಹೊಕ್ಕ ಸಿರೊಟೋನಿನ್ ಆ ಕೋಶಗಳನ್ನು ವೃದ್ಧಿಗೊಳಿಸುವುದು. ದ್ವಾರಪಾಲಕನ ಜೀನ್ ಇಲ್ಲದ ಇಲಿಗಳನ್ನು ಫ್ರೆಂಚ್ ಶೋಧಕರು ಆಮ್ಲಜನಕ ಕಡಮೆಯಾದ ಗಾಳಿಯಲ್ಲಿ ವಾರಗಟ್ಟಲೆ ಇರಿಸಿ ನೋಡಿದರು. ಸಾಮಾನ್ಯ ಇಲಿಗಳಿಗಿಂತ ಅವುಗಳಲ್ಲಿ ರೋಗವು ಕಡಮೆಯಾಗಿತ್ತೆಂದು 2000ದಲ್ಲಿ ಪ್ರಕಟಿಸಿದರು. 2004ರಲ್ಲಿ ಸ್ಕಾಟ್ಲೆಂಡಿನವರು ಇದರ ಮಗ್ಗುಲನ್ನು ತಿರುಗಿಸಿದರು: ಮಾನವನ ಅದೇ ಜೀನನ್ನು ಹೆಚ್ಚಾಗಿ ಪಡೆದ ಇಲಿಗಳಲ್ಲಿ, ಗಾಳಿ ಸರಿಯಾಗಿದ್ದರೂ ಒತ್ತಡವೇರಿತು. ಮುಂದೆ ಅವರು ನೋಡಿದಾಗ ಈ ಪೀಡೆಗೆ ಒಳಗಾದುವು ಹೆಣ್ಣಿಲಿಗಳೇ. ಅಂಡಾಶಯಗಳನ್ನು ತೆಗೆದರೆ ಅವೂ ಪಾರಾದುವು. ಸ್ತ್ರೀಯರಿಗೇ ಈ ರೋಗ ಹೆಚ್ಚೇಕೆಂಬ ಪ್ರಶ್ನೆಗೆ ಇದು ಸಣ್ಣ ಸುಳಿವಲ್ಲವೆಂದು ನಮಗೆ ತೋರುತ್ತದೆ.

ಆದರೂ ಮನುಷ್ಯನು ಇಲಿಯಲ್ಲ. ಈ ಜೀನಿನ ಒಂದು ರೂಪವು ರೋಗಿಗಳಲ್ಲಿ ಹೆಚ್ಚೆಂದು 2001ರಲ್ಲಿ ಹೇಳಿದರು. ಅನಂತರದ ಪರೀಕ್ಷೆಗಳು ಅದನ್ನು ಸಮರ್ಥಿಸಲಿಲ್ಲ. ಸಿರೊಟೋನಿನ್ನಿನ ತಯಾರಿಕೆಯನ್ನೇ ತಗ್ಗಿಸುವ ಔಷಧವೊಂದನ್ನು ರೋಗಿಗಳಿಗೆ ಕೊಟ್ಟು ನೋಡಿದ ಫಲವು 2024ರಲ್ಲಿ ಹೊರಬಿತ್ತು. ಇಲಿಗಳ ಸಾಕ್ಷ್ಯದಂತೆ ಒತ್ತಡವು ಇಳಿಯಬೇಕಾಗಿತ್ತು. ಧಮನಿಗಳ ಅಡಚಣೆಯು ಇಳಿಯುವ ಬದಲು ಏರಿತು.