ಸೂಜಿಗೆ ಸಿಕ್ಕ ಹಾಡು

ಚಲನಚಿತ್ರ ಮುಗಿದರೂ ಅದರ ಹಾಡು ಮುಗಿಯುವುದಿಲ್ಲ. ಗಂಡಸರು ಅದನ್ನು ನಾಲ್ಕು ದಿನ ಗುನುಗಿ ಮರೆತುಬಿಡುತ್ತಾರೆ. ಹೆಂಗಸರಲ್ಲಿ ಕೆಲವರಾದರೋ ಸೂಜಿದಾರಗಳನ್ನು ಹಿಡಿದು, ದಿಂಬಿನ ಚೀಲಕ್ಕೋ ಸೆರಗಿನ ಅಂಚಿಗೋ ಅದನ್ನು ಕಟ್ಟಿಹಾಕಲು ಕುಳಿತುಬಿಡುತ್ತಾರೆ.

ಕೃಷ್ಣರಾಜಪೇಟೆ ತಾಲ್ಲೂಕಿನ ಮಾಕವಳ್ಳಿಯಲ್ಲಿ ಒಬ್ಬಾಕೆ ಹಾಗೆ ಕುಳಿತಳೆನ್ನಿ. ಹಾಡನ್ನರಸಿ ಅವಳು ದೂರ ಹೋಗಬೇಕಾದುದಿಲ್ಲ. ಕೆ.ಎಸ್. ನರಸಿಂಹಸ್ವಾಮಿಯವರು 1915ರಲ್ಲಿ ಹುಟ್ಟಿದ ಕಿಕ್ಕೇರಿ ಅದೇ ತಾಲ್ಲೂಕಿನ ಊರು. 1942ರಲ್ಲಿ ಪುಸ್ತಕವಾಗಿ ಹೊರಬಂದ ಅವರ 'ಮೈಸೂರ ಮಲ್ಲಿಗೆ'ಯು ಗಾಯಕರ ಕಂಠದಲ್ಲಿ ನೆಲೆಸಿ ಮನೆಮನೆಯನ್ನು ಹೊಕ್ಕಿತು, 1992ರಲ್ಲಿ ಟಿ.ಎಸ್. ನಾಗಾಭರಣರ ನಿರ್ದೇಶನದಲ್ಲಿ, ಸಿ. ಅಶ್ವಥ್ ಅವರ ಸಂಗೀತದೊಡನೆ ತೆರೆಗೂ ಬಂದಿತು.

ಆದರೆ ಬಟ್ಟೆಯ ಮೇಲೆ ಬಿಡಿಸಬೇಕಾದುದು ಯಾವುದನ್ನು? ನಾಯಿಕೆಯ ಮುಖವನ್ನೇ ಎಂದು ಮನಸ್ಸು ಮೊದಲು ಹಂಬಲಿಸುವುದು ಸಹಜ. ಮುಖವು ಸೂಜಿಗೆ ಒಲಿಯದ ವಸ್ತು. ತುಟಿಯಂಚಿನಲ್ಲಿ ಒಂದೆಳೆ ಜರುಗಿತೋ, ಮುಗುಳ್ನಗೆಯು ಹಲ್ಲುನೋವಾಗಿ ಪರಿಣಮಿಸುತ್ತದೆ! ಹಾಡು ಕೊಡುವ ಸಾಮಗ್ರಿಯೇ ಬೇರೆ: ಒಂದು ಮಲ್ಲಿಗೆಯ ದಂಡೆ, ಬಳೆಗಾರನ ಹೆಗಲಿನ ಮಲಾರ. ಚಿತ್ರವನ್ನು ನೋಡದವರಿಗೆ ಅದು ಬರಿಯ ಬಳೆಯ ಸರ. ಬಲ್ಲವರಿಗೆ ತವರಿನ ಸುದ್ದಿ.

ಇಂತಹ ಆಯ್ಕೆಯಲ್ಲಿ ಧಾರವಾಡದ ಸೀಮೆಯ ಕಸೂತಿಯನ್ನು ಮೀರಿಸಿದ ಗುರುವಿಲ್ಲ. ಜಾತ್ರೆಯ ಜನಜಂಗುಳಿಯನ್ನು ಅದು ಬಿಡಿಸುವುದಿಲ್ಲ; ತೇರೊಂದನ್ನು ನಿಲ್ಲಿಸುತ್ತದೆ, ಜಾತ್ರೆಯು ತಾನಾಗಿ ನೆರೆಯುತ್ತದೆ. ಗೋಪುರ, ತುಳಸಿಯ ಕಟ್ಟೆ, ಅಂಬಾರಿಯ ಆನೆ, ನವಿಲು ಎಲ್ಲವೂ ಹಾಗೆಯೇ. ಬಟ್ಟೆಯ ಮೇಲೆ ಪೆನ್ಸಿಲಿನ ಗೆರೆಯೆಳೆಯುವುದು ಅಲ್ಲಿಯ ಸಂಪ್ರದಾಯವಲ್ಲ. ನೆಯ್ಗೆಯ ಎಳೆಗಳ ಎಣಿಕೆಯೇ ಅಳತೆ. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳಲ್ಲಿ ಗವಂತಿಯ ಗತಿ ಚೆಲುವಾದುದು: ದಾರವು ಹೋಗುವಾಗ ಒಂದೊಂದು ಎಡೆಯನ್ನು ಬಿಟ್ಟು ಸಾಗಿ, ಮರಳುವಾಗ ಅದೇ ಎಡೆಗಳನ್ನು ತುಂಬುತ್ತ ಬರುತ್ತದೆ. ಗಂಟಿಲ್ಲದ ಕಾರಣ ಬಟ್ಟೆಯ ಎರಡು ಮೈಗಳೂ ಒಂದೇ ತೆರನಾಗಿ ತೋರುತ್ತವೆ. ಮಲ್ಲಿಕಾರ್ಜುನ ಮನ್ಸೂರರ ಧಾರವಾಡವೇ ಆದುದರಿಂದ ಇದರಲ್ಲಿ ಆರೋಹ ಅವರೋಹಗಳನ್ನು ಕಾಣುವವರುಂಟು; ಸೂಜಿಗೂ ತಂಬೂರಿಗೂ ಬೀಗತನ ಬೆಳೆಸುವುದು ಪಂಡಿತರ ಚಪಲ, ಕಸೂತಿ ಹಾಕುವವರದಲ್ಲ. ಈ ಕಲೆಗೆ 2006ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ.

ಮಾಕವಳ್ಳಿಯವಳಿಗೆ ಅಂಚಿನ ಮಾದರಿ ಬೇಕೆನಿಸಿದರೆ ಅದೂ ಸಮೀಪದಲ್ಲಿಯೇ ಇದೆ. ಅದೇ ತಾಲ್ಲೂಕಿನ ಹೊಸಹೊಳಲಿನಲ್ಲಿ ಹೊಯ್ಸಳರು 13ನೆಯ ಶತಮಾನದಲ್ಲಿ ಕಟ್ಟಿಸಿದ ಲಕ್ಷ್ಮೀನಾರಾಯಣ ದೇವಾಲಯದ ಗೋಡೆಯ ಬುಡವನ್ನು ಆನೆ, ಕುದುರೆ, ಬಳ್ಳಿ, ಮಕರ, ಹಂಸಗಳ ಸಾಲುಗಳು ಪಟ್ಟೆಪಟ್ಟೆಯಾಗಿ ಸುತ್ತುವರಿದಿವೆ. ಕಲ್ಲಿನ ಸೀರೆಯಂಚೆಂದರೂ ಸಲ್ಲುತ್ತದೆ. ಮಲಾರದ ಸುತ್ತ ಆ ಬಳ್ಳಿಯೊಂದೇ ಸಾಕು. ಆನೆ ಕುದುರೆಗಳ ಆಡಂಬರ ಬಳೆಗಾರನಿಗೆ ಒಗ್ಗದು.

ಇನ್ನು ಕೆಲಸದ ಮಾತು. ಬಿಳಿಯ ಬಟ್ಟೆಯ ಮೇಲೆ ಮಲ್ಲಿಗೆ ಮಾಯವಾಗುತ್ತದೆ. ಎಲೆಹಸುರೋ ಕಡುನೀಲಿಯೋ ಆದ ಹತ್ತಿಬಟ್ಟೆಯೇ ಯೋಗ್ಯ. ಅಂಗಡಿಯ ಲಡಿದಾರದಲ್ಲಿ ಆರು ಎಳೆಗಳಿರುತ್ತವೆ. ಎರಡನ್ನೇ ಬಿಡಿಸಿಕೊಂಡರೆ ಮೊಗ್ಗು ನವುರಾಗಿ ಮೂಡುತ್ತದೆ. ಮೊಗ್ಗಿಗೆ ತುಂಬುಹೊಲಿಗೆ, ತೊಟ್ಟಿಗೆ ಕಾಂಡದ ಹೊಲಿಗೆ, ಬಳೆಗಳಿಗೆ ಸರಪಳಿ ಹೊಲಿಗೆ. ಗಣಕಯಂತ್ರದಿಂದ ನಡೆಯುವ ಹೊಲಿಗೆಯ ಯಂತ್ರವು ಚಿತ್ರದ ಭಿತ್ತಿಪತ್ರವನ್ನೇ ಅಲ್ಪಕಾಲದಲ್ಲಿ ಬಟ್ಟೆಗಿಳಿಸಬಲ್ಲುದು, ನಿಜ. ಆದರೆ ಅದು ಹಾಡನ್ನು ಕೇಳಿರುವುದಿಲ್ಲ. ಇವಳು ಕೆಲವೇ ಗಂಟೆಗಳ ಚಿತ್ರದ ಒಂದು ಹಾಡಿನೊಡನೆ ವಾರಗಟ್ಟಲೆ ಸಂಸಾರಮಾಡುತ್ತಾಳೆ. ಯಾವ ಮಾತಿಗೆ ಕಣ್ಣು ತುಂಬಿತೋ ಅಲ್ಲಿ ಒಂದು ಮೊಗ್ಗನ್ನು ಹೆಚ್ಚಾಗಿಯೇ ಇಡುತ್ತಾಳೆ. ಚಿತ್ರದ ಮೊದಲಲ್ಲಿ ಎಲ್ಲರ ಹೆಸರುಗಳೂ ತೆರೆಯ ಮೇಲೆ ಬರುತ್ತವೆ; ದಿಂಬಿನ ಚೀಲಕ್ಕೆ ಆ ಭಾಗ್ಯವಿಲ್ಲ. ಮೂಲೆಯಲ್ಲಿ ತನ್ನ ಹೆಸರಿನ ಮೊದಲಕ್ಷರವನ್ನೂ ಇಸವಿಯನ್ನೂ ಅವಳು ಹೊಲಿದುಕೊಳ್ಳುವುದು ಉಚಿತ.

ಒಗೆಯುವಾಗ ತಣ್ಣೀರು ಸಾಕು. ಇಸ್ತ್ರಿಯನ್ನು ಮಾತ್ರ ದಪ್ಪ ಟವೆಲಿನ ಮೇಲೆ ಮಗುಚಿ ಹಾಕಿ, ಹಿಂಬದಿಯಿಂದ ಹಾಕಬೇಕು. ಇಲ್ಲವಾದರೆ ಮೊಗ್ಗುಗಳು ಚಪ್ಪಟೆಯಾಗುತ್ತವೆ.